ಇಳಿಜಾರು ನೋಡಿ ಶೂ ಆರಿಸುವುದು: ಕೊಡಗಿನ ರಸ್ತೆಗೆ ದಪ್ಪ ಕುಷನ್

ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಮೂವತ್ತು ಕಿಲೋಮೀಟರ್ ಆಚೆಯ ಕುಶಾಲನಗರ 830ರ ಆಸುಪಾಸು. ನಡುವಿನ ರಸ್ತೆಯೂ ಒಂದೇ ಸಮ ಇಳಿಯುವುದಿಲ್ಲ, ಹತ್ತಿ ಇಳಿದು ಮತ್ತೆ ಹತ್ತುತ್ತದೆ. ಇಂಥ ಕಡೆ ಲಾಂಗ್ ರನ್, ಅಂದರೆ ಉದ್ದದ ಓಟ, ಮಾಡುವವರಿಗೆ ಏರು ಉಸಿರಿನ ಕೆಲಸ, ಇಳಿಜಾರು ಕಾಲಿನ ಕೆಲಸ. ಹಾಗಾಗಿ ದಪ್ಪ ಕುಷನ್ ಶೂ ಆರಿಸುವಾಗ ನಾನು ಮೊದಲು ಕೇಳುವುದು, ಇಳಿಯುವಾಗ ಇದು ಕಾಲನ್ನು ಹಿಡಿದಿಡುತ್ತದೆಯೇ ಎಂದು. ಅಂಗಡಿಯ ಟೈಲ್ಸ್ ಮೇಲೆ ನಿಂತಾಗ ಸಿಗುವ ಹಾಯಾದ ಮೆತ್ತನೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇಳಿಜಾರಿನಲ್ಲಿ ಹೆಜ್ಜೆ ಉದ್ದವಾಗುತ್ತದೆ, ಹಿಮ್ಮಡಿ ಮೊದಲು ನೆಲಕ್ಕೆ ಬಡಿಯುತ್ತದೆ, ತೊಡೆಯ ಸ್ನಾಯು ಬ್ರೇಕ್ ಹಾಕುತ್ತಾ ಹಿಗ್ಗುತ್ತದೆ. 9 ಡಿಗ್ರಿ ಇಳಿಜಾರಿನಲ್ಲಿ ನೆಲದ ಹೊಡೆತ ಸಮತಟ್ಟಿಗಿಂತ 54 ಪ್ರತಿಶತ ಹೆಚ್ಚು ಎಂದು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅಳೆದು ತೋರಿಸಿತ್ತು. ಹೆದ್ದಾರಿ ಅಷ್ಟು ಕಡಿದಾಗಿರುವುದಿಲ್ಲ ನಿಜ. ಆದರೆ ನಮ್ಮ ತೋಟದ ಮನೆಗಳಿಗೆ ಇಳಿಯುವ ಕಾಂಕ್ರೀಟ್ ದಾರಿಗಳಲ್ಲಿ ಅದನ್ನೂ ಮೀರಿಸುವವು ಇವೆ.

ಈಗ ಸಂಖ್ಯೆಗಳ ವಿಚಾರ. ಪಾದದ ಕೆಳಗಿನ ಒಟ್ಟು ದಪ್ಪ ಸ್ಟ್ಯಾಕ್. ಹಿಮ್ಮಡಿಯ ದಪ್ಪದಿಂದ ಮುಂಗಾಲಿನ ದಪ್ಪ ಕಳೆದರೆ ಡ್ರಾಪ್. ಹಿಮ್ಮಡಿಯಲ್ಲಿ 36-37 ಮಿ.ಮೀ. ದಾಟಿದ ಶೂಗಳನ್ನು ದಪ್ಪ ಕುಷನ್ ಗುಂಪಿಗೆ ಸೇರಿಸಬಹುದು. ಕೆಲವು ಕಂಪನಿಗಳು ಇನ್‌ಸೋಲ್ (ಒಳಗೆ ಹಾಸಿದ, ತೆಗೆಯಬಹುದಾದ ಪದರ) ಸೇರಿಸಿ ಅಳೆಯುತ್ತವೆ, ಕೆಲವು ಬಿಟ್ಟು ಅಳೆಯುತ್ತವೆ. ಆದ್ದರಿಂದ ಒಂದು ಬ್ರ್ಯಾಂಡಿನ 38, ಇನ್ನೊಂದರ 41 ಎಂದು ತಾಳೆ ಹಾಕುವುದರಲ್ಲಿ ಅರ್ಥವಿಲ್ಲ. ಸ್ಪರ್ಧೆಯ ರಸ್ತೆ ಶೂಗೆ ವರ್ಲ್ಡ್ ಅಥ್ಲೆಟಿಕ್ಸ್ 40 ಮಿ.ಮೀ. ಮಿತಿ ಹಾಕಿದೆ, ಅದು ಗಣ್ಯ ಓಟಗಾರರ ತಲೆನೋವು. ನಮ್ಮ ಅಭ್ಯಾಸದ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಡ್ರಾಪ್ ಮಾತ್ರ ನೋಡಲೇಬೇಕು. ಹೋಕಾ ಬೊಂಡಾಯ್ 8ರಲ್ಲಿ ಅದು 4 ಮಿ.ಮೀ., ನ್ಯೂ ಬ್ಯಾಲೆನ್ಸ್ 1080ರ 13ನೇ ಆವೃತ್ತಿಯಲ್ಲಿ 6, ಆಸಿಕ್ಸ್ ಜೆಲ್ ನಿಂಬಸ್ 26ರಲ್ಲಿ 8, ಬ್ರೂಕ್ಸ್ ಗ್ಲಿಸರಿನ್ 21ರಲ್ಲಿ 10. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ ಕೆಲಸ ಹೆಚ್ಚು, ಜಾಸ್ತಿಯಾದಷ್ಟೂ ಭಾರ ಮಂಡಿಗೆ ಸರಿಯುತ್ತದೆ. ಏರಿನಲ್ಲಿ ಮೀನಖಂಡ ಮೊದಲೇ ದುಡಿಯುತ್ತಿರುತ್ತದೆ. ಬೆಟ್ಟದ ಓಟದ ಮರುದಿನ ಅಲ್ಲಿ ಬಿಗಿತ ಬರುವವರು 8ರಿಂದ 10 ಮಿ.ಮೀ. ಡ್ರಾಪ್ ಇರುವ ಶೂ ತೆಗೆದುಕೊಳ್ಳಲಿ. ಇಳಿದ ಮೇಲೆ ಮಂಡಿಚಿಪ್ಪಿನ ಸುತ್ತ ನೋಯುವವರಿಗೆ 4ರಿಂದ 6 ಮೇಲು. ಇದುವರೆಗೆ 10ರಲ್ಲಿ ಓಡಿದವರು ಒಮ್ಮೆಗೇ 4ಕ್ಕೆ ಇಳಿಯುವುದು ಬೇಡ.

ಮೆತ್ತಗಿದ್ದರೆ ಗಾಯವಾಗುವುದಿಲ್ಲ ಎಂಬುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಲಕ್ಸೆಂಬರ್ಗಿನಲ್ಲಿ 848 ಹವ್ಯಾಸಿ ಓಟಗಾರರಿಗೆ ಮೆತ್ತಗಿನ ಮತ್ತು ಗಟ್ಟಿ ಶೂ ಹಂಚಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಟ್ಟಿ ಶೂನವರಿಗೆ ಗಾಯ ಹೆಚ್ಚಾಗಿತ್ತು. ಆದರೆ ಆ ವ್ಯತ್ಯಾಸ ಎದ್ದು ಕಂಡದ್ದು ಹಗುರ ಮೈಯವರಲ್ಲಿ. ದಪ್ಪ ಇರುವವರಿಗೇ ದಪ್ಪ ಶೂ ಎಂಬ ಅಂಗಡಿಯವರ ಮಾತಿಗೆ ಇದು ಸರಿ ಉಲ್ಟಾ.

ದಪ್ಪದ ಜೊತೆಗೆ ಬರುವ ತೊಂದರೆ ಓಲಾಟ. ನಮ್ಮ ಒಳರಸ್ತೆಗಳ ಡಾಂಬರು ನಡುವೆ ಉಬ್ಬಿ ಅಂಚಿಗೆ ಜಾರಿರುತ್ತದೆ, ಎದುರು ಜೀಪು ಬಂದರೆ ಅಂಚಿಗೇ ಇಳಿಯಬೇಕು. 40 ಮಿ.ಮೀ. ಎತ್ತರದಲ್ಲಿ ನಿಂತ ಪಾದ ಅಲ್ಲಿ ಸುಲಭವಾಗಿ ಹೊರಳುತ್ತದೆ. ಅದಕ್ಕೇ ಶೂ ತಿರುಗಿಸಿ ಅಡಿಭಾಗದ ಅಗಲ ನೋಡುತ್ತೇನೆ. ಅಟ್ಟೆ ಮೇಲಿನ ಬಟ್ಟೆಗಿಂತ ಎರಡೂ ಕಡೆ ಸ್ವಲ್ಪ ಹೊರಚಾಚಿರಬೇಕು, ನಡುಪಾದದಲ್ಲಿ ತೀರಾ ಸಣಕಲಾಗಿರಬಾರದು. ಇನ್‌ಸೋಲ್ ಎತ್ತಿ ಒಳಗೆ ಬೆರಳಾಡಿಸಿದರೆ ಫೋಮಿನ ಗೋಡೆ ಹಿಮ್ಮಡಿಯ ಸುತ್ತ ಎದ್ದಿದೆಯೇ ಎಂದು ಗೊತ್ತಾಗುತ್ತದೆ. ಪಾದ ಫೋಮಿನ ಮೇಲೆ ಕೂತ ಶೂಗಿಂತ ಫೋಮಿನೊಳಗೆ ಇಳಿದು ಕೂತ ಶೂ ಇಳಿಜಾರಿಗೆ ಒಳ್ಳೆಯದು. ಹಿಮ್ಮಡಿಯ ಹಿಂದಿನ ಬಟ್ಟಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಲಭವಾಗಿ ಮಡಚಿ ಬಿದ್ದರೆ ವಾಪಸ್ ಇಡಿ. ಕೊನೆಗೆ ಮಟ್ಟವಾದ ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣು ಹಾಯಿಸಿ. ಹೊಸ ಶೂಗಳೂ ಕೆಲವೊಮ್ಮೆ ಒಂದು ಕಡೆಗೆ ವಾಲಿರುತ್ತವೆ.

ತೂಕ ಉಳಿಸಲು ಕೆಲವು ಶೂಗಳ ಅಡಿಯಲ್ಲಿ ರಬ್ಬರ್ ಅಲ್ಲಲ್ಲಿ ಮಾತ್ರ ಇರುತ್ತದೆ, ಉಳಿದದ್ದು ಬರಿಯ ಫೋಮ್. ಒಣ ನಗರಕ್ಕೆ ಅದು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟುವ ನಮ್ಮ ಕಾಂಕ್ರೀಟಿನ ಮೇಲೆ ಬರಿ ಫೋಮ್ ಜಾರುತ್ತದೆ, ಜಲ್ಲಿಗೆ ಬೇಗ ಹರಿಯುತ್ತದೆ. ಹಿಮ್ಮಡಿಯ ಹೊರ ಅಂಚು ಮತ್ತು ಮುಂಗಾಲಿನ ಪೂರ್ತಿ ಅಗಲಕ್ಕೆ ರಬ್ಬರ್ ಬೇಕೇ ಬೇಕು. ನಡುವೆ ಆಳದ ಸೀಳು ಇರುವ ಅಟ್ಟೆಯಲ್ಲಿ ತೋಟದ ಕಲ್ಲು ಸಿಕ್ಕಿಕೊಂಡು ಹೆಜ್ಜೆಹೆಜ್ಜೆಗೂ ಟಕಟಕ ಅನ್ನುತ್ತದೆ. ಅಂಥ ಶೂ ತೊಟ್ಟರೆ ಕಲ್ಲು ಕೀಳಲು ಕೈಯಲ್ಲೊಂದು ಕಡ್ಡಿ ಇರಲಿ.

ಫೋಮಿನಲ್ಲಿ ಮುಖ್ಯವಾಗಿ ಮೂರು ಜಾತಿ. ಇವಿಎ ಮತ್ತು ಅದರ ಮಿಶ್ರಣಗಳು ಅಗ್ಗ, ಹಗುರ, ಆದರೆ ಚಳಿಗೆ ಬಿರುಸಾಗುತ್ತವೆ. ಡಿಸೆಂಬರ್-ಜನವರಿಯ ಬೆಳಿಗ್ಗೆ ವರಾಂಡದಲ್ಲಿ ರಾತ್ರಿ ಕಳೆದ ಶೂ ಮೊದಲ ಒಂದೆರಡು ಕಿಲೋಮೀಟರ್ ಹಲಗೆಯಂತಿರುತ್ತದೆ, ಆಮೇಲೆ ಸಡಿಲವಾಗುತ್ತದೆ. ರಾತ್ರಿ ಮನೆಯೊಳಗಿಟ್ಟರೆ ಅರ್ಧ ತೊಂದರೆ ಕಳೆಯಿತು. ಟಿಪಿಯು ಭಾರ, ಆದರೆ ಚಳಿಗೆ ಅಷ್ಟು ಬದಲಾಗುವುದಿಲ್ಲ, ಬಾಳಿಕೆಯೂ ಹೆಚ್ಚು. ಪೀಬಾ ಹಗುರ, ದುಬಾರಿ, ಚೆನ್ನಾಗಿ ಪುಟಿಯುತ್ತದೆ. ಆ ಪುಟಿತವೇ ರಿಕವರಿ ಓಟಕ್ಕೆ, ಅಂದರೆ ದಣಿವಾರಿಸಲು ಮಾಡುವ ನಿಧಾನ ಓಟಕ್ಕೆ, ಅಡ್ಡಿ ಎಂಬುದು ನನ್ನ ಅಭಿಪ್ರಾಯ. ಮಾತಾಡುತ್ತಾ ಓಡಬೇಕಾದ ದಿನ ಶೂ ಮುಂದಕ್ಕೆ ತಳ್ಳಿದರೆ ವೇಗ ಗೊತ್ತಿಲ್ಲದೆ ಏರುತ್ತದೆ. ರಿಕವರಿಗೆ ಮಂದವಾದ ಇವಿಎ, ಉದ್ದದ ಓಟಕ್ಕೆ ಬೇಕಿದ್ದರೆ ಪೀಬಾ.

ತೂಕವನ್ನೂ ಮರೆಯಬಾರದು. ಒಂದೊಂದು ಶೂಗೆ 100 ಗ್ರಾಂ ಹೆಚ್ಚಾದರೆ ಅದೇ ವೇಗಕ್ಕೆ ಸುಮಾರು 1 ಪ್ರತಿಶತ ಹೆಚ್ಚು ಶಕ್ತಿ ಬೇಕು. ಒಣಗಿದ್ದಾಗ 300 ಗ್ರಾಂ ಇದ್ದದ್ದು ಮಳೆಯಲ್ಲಿ ಎಷ್ಟಾಗುತ್ತದೆಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಶೂವಿನ ಕತ್ತಿನ ಸುತ್ತ, ಲೇಸಿನಡಿಯ ನಾಲಿಗೆಯಲ್ಲಿ ದಪ್ಪ ಸ್ಪಂಜಿದ್ದಷ್ಟೂ ನೀರು ಕುಡಿಯುತ್ತದೆ. ಜಿಗಣೆಗೂ ಅದೇ ಜಾಗ ಇಷ್ಟ.

ಸೈಜನ್ನು ಸಂಜೆ ನೋಡಬೇಕು, ಆಗ ಪಾದ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿ. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತಾಗ ಉದ್ದದ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಉಳಿಯಬೇಕು, ಕಿರುಬೆರಳು ಅಂಚಿನಿಂದ ಹೊರಗೆ ಇಳಿಯಬಾರದು. ಒಂದೊಂದು ಕಂಪನಿಯ ಯುಕೆ ಸೈಜು ಒಂದೊಂದು ಥರ ಇರುವುದರಿಂದ ಲೇಬಲ್ಲಿನ ಸೆಂಟಿಮೀಟರ್ ಸಂಖ್ಯೆ ಹಿಡಿದು ಹೋಲಿಸಿ. ಆಮೇಲೆ ಅಂಗಡಿಯ ಮೆಟ್ಟಿಲು ಅಥವಾ ಪಾರ್ಕಿಂಗ್ ಇಳಿಜಾರನ್ನು ಬಿರುಸಾಗಿ ಇಳಿಯಿರಿ. ಬೆರಳು ಮುಂದೆ ತಾಗಿತೇ? ಮೊದಲು ಲೇಸ್ ಬದಲಿಸಿ. ಲೇಸನ್ನು ಕೊನೆಯ ಹೆಚ್ಚುವರಿ ತೂತಿಗೆ ಅದೇ ಬದಿಯಲ್ಲಿ ತೂರಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ಹಾಯಿಸಿ, ಕೆಳಕ್ಕೆ ಎಳೆದು ಬಿಗಿದು ಕಟ್ಟಿ. ಹಿಮ್ಮಡಿ ಹಿಂದೆಯೇ ನಿಲ್ಲುತ್ತದೆ. ಆಗಲೂ ತಾಗಿದರೆ ಅರ್ಧ ಸೈಜು ದೊಡ್ಡದು ನೋಡಿ. ಕಪ್ಪಾಗುವ ಉಗುರಿಗೆ ಇಳಿಜಾರಿನಲ್ಲಿ ಜಾರುವ ಪಾದವೇ ಹೆಚ್ಚಿನ ಸಲ ಕಾರಣ.

ಎಲ್ಲ ಮಾದರಿಯನ್ನೂ ಹಾಕಿ ನೋಡಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಆನ್‌ಲೈನಾದರೆ ಎರಡು ಸೈಜು ತರಿಸಿ ಒಂದನ್ನು ಹಿಂತಿರುಗಿಸುವುದು ವಾಸಿ. ಹಿಂದಿನ ಆವೃತ್ತಿ ರಿಯಾಯಿತಿಯಲ್ಲಿ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಆದರೆ ಲೇಬಲ್ಲಿನ ತಯಾರಿಕೆಯ ತಿಂಗಳು ನೋಡಿ, ಫೋಮ್ ಪೆಟ್ಟಿಗೆಯಲ್ಲಿದ್ದರೂ ಮುದಿಯಾಗುತ್ತದೆ.

ಹೊಸ ಜೋಡಿಯನ್ನು ಮೊದಲು 5-6 ಕಿಲೋಮೀಟರಿನ ರಿಕವರಿ ಓಟಕ್ಕೆ ಹಾಕಿ, ಅದೂ ಕೂಡಿಗೆ, ಹೆಬ್ಬಾಲೆ ಕಡೆಯಂಥ ಸಮತಟ್ಟು ರಸ್ತೆಯಲ್ಲಿ. ಮೂರು-ನಾಲ್ಕು ಓಟಗಳಾದ ಮೇಲೆ ಇಳಿಜಾರು, ಆಮೇಲೆ ಉದ್ದದ ಓಟ. ಊರಿನ ಹಾಕಿ ಮೈದಾನದ ಹುಲ್ಲಿಗೆ ದಪ್ಪ ಶೂ ಬೇಡವೇ ಬೇಡ. ನೆಲವೂ ಮೆತ್ತಗೆ, ಶೂವೂ ಮೆತ್ತಗೆ ಆದರೆ ಪಾದಕ್ಕೆ ಆಧಾರವೇ ಸಿಗುವುದಿಲ್ಲ. ಅಲ್ಲಿಗೆ ತೆಳು ಅಟ್ಟೆಯ ಇನ್ನೊಂದು ಜೋಡಿ ಇರಲಿ. ಎರಡು ಜೋಡಿಯಿದ್ದರೆ ಮಳೆಗಾಲದಲ್ಲಿ ಒಂದು ಒಣಗಲು ಸಮಯವೂ ಸಿಗುತ್ತದೆ.

ಒಣಗಿಸುವುದು ಕೊಡಗಿನಲ್ಲಿ ದೊಡ್ಡ ಕೆಲಸ. ಬಚ್ಚಲೊಲೆಯ ಮೇಲಿನ ತಂತಿಗೆ ಬಟ್ಟೆ ಹಾಕಿದ ಹಾಗೆ ಶೂ ನೇತುಹಾಕಬೇಡಿ. ಶಾಖಕ್ಕೆ ಅಂಟು ಬಿಡುತ್ತದೆ, ಇವಿಎ ಕುಗ್ಗಿ ಅಟ್ಟೆ ಮುಂದಿನಿಂದ ಮೇಲಕ್ಕೆ ಬಾಗುತ್ತದೆ. ಕೆಸರನ್ನು ತಣ್ಣೀರಲ್ಲಿ ತೊಳೆದು, ಇನ್‌ಸೋಲ್ ಮತ್ತು ಲೇಸ್ ಬಿಚ್ಚಿ, ಪತ್ರಿಕೆಯ ಹಾಳೆ ಮುದ್ದೆ ಮಾಡಿ ಬೆರಳಿನ ತುದಿಯವರೆಗೆ ತುರುಕಿ. ಒಂದು ಗಂಟೆಗೆ ಹಾಳೆ ಒದ್ದೆ ಮುದ್ದೆಯಾಗಿರುತ್ತದೆ, ಬದಲಿಸಿ. ಎರಡನೇ ಸುತ್ತಿನ ನಂತರ ಹಾಳೆ ತೆಗೆದು ಫ್ಯಾನಿನ ಎದುರು ಬಾಯಿ ಮಾಡಿ ಮಲಗಿಸಿ. ಒದ್ದೆ ಶೂವನ್ನು ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಖಂಡಿತ.

ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳಿಕೆ ಎನ್ನುತ್ತಾರೆ. ಇಳಿಜಾರು ಹೆಚ್ಚಿರುವ ಕಡೆ ನಾನು 500ರಿಂದಲೇ ಪರೀಕ್ಷಿಸಲು ಶುರುಮಾಡುತ್ತೇನೆ. ಹಿಮ್ಮಡಿಯ ಪಕ್ಕದ ಫೋಮಿನಲ್ಲಿ ಅಡ್ಡ ಸುಕ್ಕುಗಳು ಎದ್ದು, ಭಾರ ತೆಗೆದ ಮೇಲೂ ಮಾಸದೆ ಉಳಿದಿವೆಯೇ, ರಬ್ಬರ್ ಸವೆದು ಫೋಮ್ ಕಾಣುತ್ತಿದೆಯೇ, ಮೇಜಿನ ಮೇಲಿಟ್ಟಾಗ ಒಳಕ್ಕೋ ಹೊರಕ್ಕೋ ವಾಲುತ್ತಿದೆಯೇ ಎಂದು ನೋಡುತ್ತೇನೆ. ಇವುಗಳಲ್ಲಿ ಎರಡು ಕಂಡರೆ ಆ ಜೋಡಿ ಲಾಂಗ್ ರನ್‌ಗೆ ಮುಗಿಯಿತು. ವಾಲಿಲ್ಲದಿದ್ದರೆ ನಡಿಗೆಗೆ ಇನ್ನೂ ಕೆಲವು ತಿಂಗಳು ಬರುತ್ತದೆ, ವಾಲಿದ್ದರೆ ಅದಕ್ಕೂ ಬೇಡ.