ಎರಡು ಹಳೇ ಸೈಕಲ್ ಸೇರಿಸಿ ಒಂದು ಜೋಡಿ ಸೈಕಲ್: ಕೊಡಗಿನ ಏರಿನಲ್ಲಿ ಓಡಿಸಿದ ಲೆಕ್ಕ

ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಜೋಡಿ ಸೈಕಲ್ ಏನಿದ್ದರೂ ಬಯಲುಸೀಮೆಗೆ, ಕೊಡಗಿನಲ್ಲಿ ಬೆಸುಗೆ ಹಾಕಿದ ಫ್ರೇಮು ಮೊದಲ ಹೊಂಡಕ್ಕೇ ಎರಡಾಗುತ್ತದೆ ಎಂದವರೇ ಹೆಚ್ಚು. ಮೊದಲ ಎರಡು ಫ್ರೇಮುಗಳ ಮಟ್ಟಿಗೆ ಅವರ ಮಾತು ನಿಜವಾಯಿತು. ಮೂರನೆಯದು ಎರಡು ಮಳೆಗಾಲ ಕಳೆದು, ಅಂದಾಜು 2,500 ಕಿ.ಮೀ. ಓಡಿ, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದೆ ನಿಂತಿದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ., 300 ಮೀಟರಿನಷ್ಟು ಏರು. ಇಬ್ಬರು ಕೂತು, ಎಲ್ಲೂ ಇಳಿದು ತಳ್ಳದೆ, ಮೂರು ಗಂಟೆಯೊಳಗೆ ಹತ್ತಿದ್ದೇವೆ.

ಇಷ್ಟು ಪಾಡು ಪಟ್ಟಿದ್ದಕ್ಕೆ ಕಾರಣ ಒಂದೇ. ಬೇರೆ ಬೇರೆ ಸೈಕಲ್ಲಿನಲ್ಲಿ ಹೊರಟರೆ ಸುಂಟಿಕೊಪ್ಪ ದಾಟುವಷ್ಟರಲ್ಲಿ ಕಾಲಲ್ಲಿ ಬಲ ಇರುವವರು ಎರಡು ತಿರುವು ಮುಂದೆ, ಉಳಿದವರು ಹಿಂದೆ. ಪ್ರತಿ ತಿರುವಿನಲ್ಲೂ ಕಾಯುವುದೇ ಕೆಲಸ. ಜೋಡಿ ಸೈಕಲ್ಲಿನಲ್ಲಿ ಹತ್ತು ವರ್ಷದ ಮಗುವೂ ಅರವತ್ತು ದಾಟಿದ ಅತ್ತೆಯೂ ಮುಂದಿನವರ ಜೊತೆಗೇ ಏರು ಹತ್ತುತ್ತಾರೆ, ಮಾತಾಡುತ್ತಲೇ ಹತ್ತುತ್ತಾರೆ. ಆ ಸುಖ ಬೇರೆ ಯಾವ ಸೈಕಲ್ಲಿನಲ್ಲೂ ಸಿಗುವುದಿಲ್ಲ.

ತೆಗೆದುಕೊಂಡದ್ದು 26 ಇಂಚಿನ ಎರಡು ಹಳೇ ಸ್ಟೀಲ್ ಎಂಟಿಬಿ (ಗುಡ್ಡದ ಸೈಕಲ್), ಒಂದೊಂದಕ್ಕೆ 1,800 ರೂಪಾಯಿ ಕೊಟ್ಟ ನೆನಪು. ಅಲ್ಯೂಮಿನಿಯಂ ಫ್ರೇಮು ಬೇಡವೇ ಬೇಡ. ಮುಂದಿನ ಸೈಕಲ್ಲಿನ ಹಿಂಭಾಗದ ತ್ರಿಕೋನ ತೆಗೆದು, ಹಿಂದಿನ ಸೈಕಲ್ಲಿನ ಫೋರ್ಕು, ಹೆಡ್ ಟ್ಯೂಬು (ಹ್ಯಾಂಡಲ್ ಕೂರುವ ಪೈಪು) ತೆಗೆದು ಜೋಡಿಸುವುದು ಎಲ್ಲರಿಗೂ ಗೊತ್ತಿರುವುದೇ. ಮೊದಲ ಸಲದ ತಪ್ಪು, ಹಿಂದಿನ ಫ್ರೇಮಿನ ಪೈಪುಗಳನ್ನೇ ನೇರವಾಗಿ ಮುಂದಿನ ಸೀಟ್ ಟ್ಯೂಬಿಗೆ ಕೂಡಿಸಿದ್ದು. ಎರಡು ಬಿಬಿಗಳ (ಪೆಡಲಿನ ಆಕ್ಸಲ್ ಕೂರುವ ಗೂಡುಗಳ) ನಡುವೆ ಬರೀ 58 ಸೆಂ.ಮೀ. ಸಿಕ್ಕಿತು, ಹಿಂದೆ ಕೂತವರ ಮೂಗು ಮುಂದಿನವರ ಬೆನ್ನಿಗೆ ತಾಗುತ್ತಿತ್ತು. ಎರಡನೆಯದರಲ್ಲಿ ಹೊಸ ಪೈಪು ಹಾಕಿ 28 ಇಂಚು, ಅಂದರೆ 71 ಸೆಂ.ಮೀ. ಮಾಡಿದೆವು. ಕೂರಲು ಸರಿಹೋಯಿತು. ಆದರೆ ಕೆಳಗೆ ಬಿಬಿಯಿಂದ ಬಿಬಿಗೆ ಪೈಪು ಹಾಕಿರಲಿಲ್ಲ. ಏರಿನಲ್ಲಿ ಇಬ್ಬರೂ ಒತ್ತಿದಾಗ ಫ್ರೇಮು ಹಾವಿನ ಹಾಗೆ ನುಲಿಯಿತು. ಸುಮಾರು 200 ಕಿ.ಮೀ.ಗೆ ಬಿರುಕು ಬಿಟ್ಟಿತು, ಅದೂ ಬೆಸುಗೆಯಲ್ಲಲ್ಲ, ಬೆಸುಗೆಯ ಪಕ್ಕ 3 ಮಿ.ಮೀ. ಆಚೆ. ಒಂದು ಮಳೆ ಬಿದ್ದ ಮೇಲೆ ಪೇಂಟಿನ ಮೇಲೆ ತೆಳ್ಳಗೆ ಕೆಂಪು ಗೆರೆ ಎದ್ದಿತು. ಅಂಥ ತುಕ್ಕಿನ ಗೆರೆ ಕಂಡರೆ ಅವತ್ತೇ ಸೈಕಲ್ ನಿಲ್ಲಿಸಿ.

ಮೂರನೆಯದಕ್ಕೆ ಬಿಬಿಗಳ ನಡುವೆ ಒಂದೂವರೆ ಇಂಚಿನ, 16 ಗೇಜಿನ ಪೈಪು ಹಾಕಿದೆವು. ಹೆಡ್ ಟ್ಯೂಬಿನಿಂದ ಹಿಂದಿನ ಬಿಬಿಯ ತನಕ ಓರೆಯಾಗಿ ಇನ್ನೊಂದು. ನುಲಿಯುವುದು ನಿಂತದ್ದು ಈ ಓರೆ ಪೈಪಿನಿಂದಲೇ. ಆರ್ಕ್ ವೆಲ್ಡಿಂಗಿಗೆ ತೆಳು ಪೈಪು ತೂತು ಬೀಳುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಕಡ್ಡಿಯ ಬೆಸುಗೆಯೇ ಸರಿ. ಪೈಪಿನ ತುದಿಯನ್ನು ಅರ್ಧಚಂದ್ರದ ಹಾಗೆ ಫೈಲ್ ಮಾಡಿ, ಸೀಟ್ ಟ್ಯೂಬಿಗೆ ಒತ್ತಿ ಹಿಡಿದಾಗ ಆಚೆಯ ಬೆಳಕು ಕಾಣಬಾರದು. ಸಂದಿ ಬಿಟ್ಟು ಹಿತ್ತಾಳೆ ತುಂಬಿಸಿದರೆ ಅಲ್ಲೇ ಮುರಿಯುತ್ತದೆ. ಬೆಸುಗೆಯ ಹೊತ್ತಿನಲ್ಲಿ ಬಿಬಿಯೊಳಗೆ ಹಳೇ ಬೇರಿಂಗ್ ಕಪ್‌ಗಳನ್ನು ತಿರುಗಿಸಿಯೇ ಇಡಿ, ಇಲ್ಲದಿದ್ದರೆ ಶಾಖಕ್ಕೆ ತಿರುಪಿನ ಮರೆ ಓರೆಯಾಗಿ ಹೊಸ ಕಪ್ ಕೂರುವುದಿಲ್ಲ.

ನೇರ ನೋಡಲು ದಾರ ಸಾಕು. ಹಿಂದಿನ ಒಂದು ಕಡೆಯ ಆಕ್ಸಲ್ ಕಚ್ಚಿನಿಂದ ಹೆಡ್ ಟ್ಯೂಬ್ ಸುತ್ತಿ ಇನ್ನೊಂದು ಕಡೆಗೆ ದಾರ ಬಿಗಿದು, ಎರಡೂ ಸೀಟ್ ಟ್ಯೂಬಿನ ಹತ್ತಿರ ಎಡಬಲದ ಅಂತರ ಅಳೆಯಿರಿ. 2 ಮಿ.ಮೀ. ವ್ಯತ್ಯಾಸ ನಡೆಯುತ್ತದೆ, 5 ಆದರೆ ಕೈಬಿಟ್ಟ ಕೂಡಲೇ ಸೈಕಲ್ ಒಂದು ಕಡೆಗೆ ಎಳೆಯುತ್ತದೆ. ಬೆಸುಗೆ ತಣಿಯುವಾಗ ಫ್ರೇಮು ಎಳೆದುಕೊಳ್ಳದಂತೆ ಯಾವ ಸಂದಿನ ಬೆಸುಗೆಗೆ ಮೊದಲು ಕೈ ಹಾಕಬೇಕು ಎಂಬ ಕ್ರಮ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಮಗೆ ಎರಡು ಫ್ರೇಮು ಹೋದವು. ಫ್ರೇಮು ಹೊತ್ತು ತಂದವರಿಗೆ ಕೂತು ತೋರಿಸಿಕೊಟ್ಟಿದ್ದೇನೆ.

ಇನ್ನು ಚೈನು. ಕಾರ್ಖಾನೆಯ ಜೋಡಿ ಸೈಕಲ್ಲಿನಲ್ಲಿ ಇಬ್ಬರ ಪೆಡಲು ಕೂಡಿಸುವ ಚೈನು ಎಡಗಡೆ ಇರುತ್ತದೆ, ಅದಕ್ಕೆ ಬೇರೆಯೇ ಕ್ರಾಂಕ್ (ಪೆಡಲಿನ ತೋಳು, ಹಲ್ಲುಚಕ್ರ) ಬೇಕು. ಆ ಚೈನನ್ನೂ ಚಕ್ರದ ಚೈನನ್ನೂ ಬಲಗಡೆಯೇ ಇಟ್ಟರೆ ಆ ಖರ್ಚಿಲ್ಲ. 42-34-24 ಹಲ್ಲಿನ ಮಾಮೂಲಿ ಕ್ರಾಂಕಿನಲ್ಲಿ 42ರಿಂದ 42ಕ್ಕೆ ಜೋಡಿ ಚೈನು. ಹಿಂದಿನ ಕ್ರಾಂಕಿನ 34 ಮತ್ತು 24ರಿಂದ ಚಕ್ರಕ್ಕೆ. ಚಿಕ್ಕ ಹಲ್ಲಿಗೆ ಜೋಡಿ ಚೈನು ಹಾಕಿದರೆ ಎಳೆತ ಹೆಚ್ಚಿ ಚೈನು ಹಾರುತ್ತದೆ. ಲೆಕ್ಕ ಹೀಗೆ: ಚೈನಿನ ಒಂದು ಗಂಟು ಅರ್ಧ ಇಂಚು, 28 ಇಂಚೆಂದರೆ 56 ಗಂಟು, ಮೇಲೆ ಕೆಳಗೆ ಸೇರಿ 112, ಜೊತೆಗೆ 42, ಒಟ್ಟು 154. ಅಂಗಡಿಯ ಚೈನಿನಲ್ಲಿ 116 ಇರುವುದರಿಂದ ಎರಡು ಚೈನು ಬೇಕು. ಬಿಬಿಗಳ ಅಂತರ ಅರ್ಧ ಇಂಚಿನ ಲೆಕ್ಕದಲ್ಲೇ ಕೂರಬೇಕು. ಕಾಲು ಇಂಚು ಅತ್ತಿತ್ತ ಆದರೆ ಚೈನು ಒಂದೋ ಜೋತುಬೀಳುತ್ತದೆ, ಒಂದೋ ಸೇರುವುದೇ ಇಲ್ಲ. 28ಕ್ಕೆ 1 ಮಿ.ಮೀ. ಕಮ್ಮಿ ಇಟ್ಟು, ಚೈನು ಎಳೆದಂತೆ ಹಳೇ ಡಿರೇಲರಿನ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಒಂದು ಚಕ್ರವನ್ನು ಕೆಳಗಿನಿಂದ ಒತ್ತುಕೊಡಿ. ನಡುವಿನಲ್ಲಿ ಬೆರಳಿಟ್ಟು ಎತ್ತಿದರೆ ಅರ್ಧ ಇಂಚಿಗಿಂತ ಹೆಚ್ಚು ಏಳಬಾರದು.

ಮುಂದಿನ ಡಿರೇಲರ್ ಕೂರಲು ಜಾಗ ಇರುವುದಿಲ್ಲ. ಏರು ಶುರುವಾಗುವಲ್ಲಿ ನಿಂತು, ಕೈಯಿಂದಲೇ ಚೈನನ್ನು 34ರಿಂದ 24ಕ್ಕೆ ಇಳಿಸುತ್ತೇವೆ. ಹಿಂದೆ 14ರಿಂದ 28 ಹಲ್ಲಿನ ಫ್ರೀವೀಲ್. ತೀರ ಚಿಕ್ಕ ಹಲ್ಲಿಗೆ ಹಾಕಿದರೆ ಚೈನು ಹೊರಗಿನ ಜೋಡಿ ಚೈನಿಗೆ ಉಜ್ಜುವುದರಿಂದ ಲಿಮಿಟ್ ಸ್ಕ್ರೂ ಬಿಗಿದು ಆ ಗೇರನ್ನೇ ಮುಚ್ಚಿದ್ದೇವೆ. ಇಬ್ಬರ ತೂಕಕ್ಕೆ ಇಳಿಜಾರಿನಲ್ಲಿ ಅದರ ಅಗತ್ಯವೂ ಬೀಳಲಿಲ್ಲ.

ಕೇಬಲ್ಲಿಗಾಗಿ ವಾರಗಟ್ಟಲೆ ಅಲೆದೆವು. ಸೈಕಲ್ ಅಂಗಡಿಯ ವೈರು ಹಿಂದಿನ ಬ್ರೇಕಿಗೆ ಮುಟ್ಟುವುದಿಲ್ಲ. ಕೊನೆಗೆ ಆಟೋರಿಕ್ಷಾದ ಕ್ಲಚ್ ವೈರು ಕೈಹಿಡಿಯಿತು. ಹ್ಯಾಂಡಲಿನಿಂದ ಹಿಂದಿನ ಎಂಜಿನ್ನಿನ ತನಕ ಹೋಗುವ ವೈರಾದ್ದರಿಂದ ಉದ್ದ ಸಾಕಾಗುತ್ತದೆ. ತುದಿಯ ಗುಂಡನ್ನು ಲಿವರಿಗೆ ಕೂರುವಷ್ಟು ಫೈಲ್ ಮಾಡಬೇಕು. ಗೇರಿನ ಶಿಫ್ಟರನ್ನು ಹಿಂದಿನವರ ಹ್ಯಾಂಡಲಿಗೇ ಕೊಟ್ಟೆವು. ಕೇಬಲ್ ಉಳಿಯಿತು, ಹಿಂದೆ ಕೂತವರಿಗೂ ಒಂದು ಜವಾಬ್ದಾರಿ ಸಿಕ್ಕಿತು. ಮಕ್ಕಳಂತೂ ಗೇರಿಗಾಗಿಯೇ ಹಿಂದಿನ ಸೀಟು ಕೇಳುತ್ತಾರೆ.

ಬ್ರೇಕಿನಲ್ಲಿ ದುಡ್ಡು ಉಳಿಸಬೇಡಿ. ಸೈಕಲ್ 27 ಕೆ.ಜಿ., ಇಬ್ಬರು 130, ಒಟ್ಟು 157ರ ಹತ್ತಿರ. ಬರೀ ರಿಮ್ ಬ್ರೇಕಿನಲ್ಲಿ ಉದ್ದ ಇಳಿಜಾರು ಇಳಿದರೆ ರಿಮ್ ಕಾದು ಟ್ಯೂಬು ಸಿಡಿಯುತ್ತದೆ. ಮುಂದೆ 180 ಮಿ.ಮೀ. ಡಿಸ್ಕ್ ಮತ್ತು ಸ್ಟೀಲಿನ ಗಟ್ಟಿ ಫೋರ್ಕು, ಹಿಂದೆ ರಿಮ್ ಹಿಡಿಯುವ ವಿ-ಬ್ರೇಕು, ಇವೆರಡೂ ಮುಂದಿನವರ ಕೈಯಲ್ಲಿ. ಹಿಂದಿನ ಚಕ್ರಕ್ಕೆ ಮೂರನೆಯದಾಗಿ ಇನ್ನೊಂದು ಡಿಸ್ಕ್, ಅದು ಹಿಂದಿನವರ ಕೈಯಲ್ಲಿ. ಇಷ್ಟಿದ್ದರೂ ಎರಡು ಕಿ.ಮೀ.ಗೊಮ್ಮೆ ನಿಂತು ರಿಮ್ ಮುಟ್ಟಿ ನೋಡಿ. ಡಿಸ್ಕಿನ ಅಂಚು ನೀಲಿ ತಿರುಗಿದ್ದರೆ ಅತಿಯಾಗಿ ಕಾದಿದೆ ಎಂದೇ ಅರ್ಥ, ತಣಿಯುವ ತನಕ ಕೂತಿರಿ, ನೀರು ಹೊಯ್ಯಬೇಡಿ. ಸಂಪಾಜೆ ಘಾಟಿಗೆ ಇದನ್ನು ಇಳಿಸಲೇಬೇಡಿ. ಚಕ್ರಕ್ಕೆ 36 ಕಡ್ಡಿ, ದಪ್ಪ ಕಡ್ಡಿ. ಮೊದಲ 100 ಕಿ.ಮೀ. ಆದ ಮೇಲೆ ಬೆಂಡ್ ತೆಗೆಸಿ ಮತ್ತೆ ಬಿಗಿಸಬೇಕು.

ನಡುವೆ ಕೆಲವು ಪ್ರಯೋಗ. ಇಬ್ಬರ ಪೆಡಲನ್ನು ಕಾಲು ಸುತ್ತು ಹಿಂದುಮುಂದು ಮಾಡಿದರೆ ಏರಿನಲ್ಲಿ ಎಳೆತ ಸಮವಾಗಿ ಬರುತ್ತದೆ, ನಿಜ. ಆದರೆ ಹೊರಡುವಾಗ ಗೊಂದಲ, ತಿರುವಿನಲ್ಲಿ ಒಬ್ಬರ ಪೆಡಲು ಕಲ್ಲಿಗೆ ತಾಗುತ್ತದೆ. ಸಮಕ್ಕೇ ಮರಳಿದೆವು. ಚೈನು ಬಿದ್ದಾಗ ಮತ್ತೆ ಅದೇ ಹಲ್ಲಿಗೆ ಕೂರಿಸಲು ಎರಡೂ 42ರ ಮೇಲೆ ಹಳದಿ ಪೇಂಟಿನ ಚುಕ್ಕೆ ಇಟ್ಟಿದ್ದೇವೆ. ಮಕ್ಕಳಿಗಾಗಿ ಪೆಡಲಿಗೆ ಸಿಲ್ವರ್ ಓಕ್ ಮರದ ತುಂಡು ಕಟ್ಟಿದ್ದು ಮಳೆಗೆ ಉಬ್ಬಿ ಸೀಳಿತು. 20 ಇಂಚಿನ ಸೈಕಲ್ಲಿನ ಗಿಡ್ಡ ಕ್ರಾಂಕ್ ಹಾಕಿದ್ದೇ ಸರಿಯಾಯಿತು. ಆಕ್ಸಲಿನ ತುದಿ ಚೌಕವಾಗಿರುವ ಜಾತಿಯದೇ ಆಗಬೇಕು.

ಹೊರಡುವಾಗ ಮುಂದಿನವರು ಕಾಲು ಅಗಲಿಸಿ ನಿಂತು ಎರಡೂ ಬ್ರೇಕು ಹಿಡಿಯಬೇಕು. ಕಾಲು ಹತ್ತಿರ ಇಟ್ಟರೆ ಪೆಡಲು ಮೊಣಕಾಲಿನ ಕೆಳಗೆ ಬಡಿಯುತ್ತದೆ. ಹಿಂದಿನವರು ಮೊದಲೇ ಹತ್ತಿ, ಎರಡೂ ಕಾಲು ಪೆಡಲಿಗಿಟ್ಟು, ಬಲ ಪೆಡಲನ್ನು ಮೇಲೆ ತಂದುಕೊಡುತ್ತಾರೆ. "ಹೂಂ" ಎಂದ ಕೂಡಲೇ ಇಬ್ಬರೂ ಒಟ್ಟಿಗೆ ಒತ್ತುವುದು. ನಿಂತಾಗ ನೆಲಕ್ಕೆ ಕಾಲು ಕೊಡುವವರು ಮುಂದಿನವರು ಮಾತ್ರ. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಆದ್ದರಿಂದ "ಹೊಂಡ", "ಹಂಪ್", "ಕಾಲು ಬಿಡು", "ಗೇರ್" ಈ ನಾಲ್ಕು ಮಾತು ಮೊದಲ ದಿನವೇ ರೂಢಿಯಾಗಲಿ. ಗೇರ್ ಬೀಳುವಾಗ ಇಬ್ಬರೂ ಒತ್ತುತ್ತಿದ್ದರೆ ಚೈನು ಕಡಿಯುತ್ತದೆ. ತಿರುವಿನಲ್ಲಿ ಹಿಂದಿನವರು ಬೇರೆಯಾಗಿ ವಾಲದೆ, ತಿರುಗುವ ಕಡೆಯ ಭುಜದ ಮೇಲಿಂದ ಮುಂದೆ ನೋಡಿದರೆ ಸಾಕು.

ಕಲಿಯಲು ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಕಡೆಯ ರಸ್ತೆಯೇ ಒಳ್ಳೆಯದು: ಹೆಚ್ಚು ಏರಿಲ್ಲ, ಪಕ್ಕದಲ್ಲೇ ಕಾವೇರಿ. ಆನೆಕಾಡಿನ ಹತ್ತಿರ, ಸಿದ್ದಾಪುರದ ಕಡೆ, ಬೆಳಗ್ಗೆ ಬೇಗ ಮತ್ತು ಸಂಜೆ ಹೋಗಬೇಡಿ. ಇಷ್ಟುದ್ದದ ಸೈಕಲ್ಲನ್ನು ಕಿರಿದಾದ ರಸ್ತೆಯಲ್ಲಿ ಒಂದೇ ಸಲಕ್ಕೆ ಹಿಂದೆ ತಿರುಗಿಸಲು ಆಗುವುದಿಲ್ಲ, ಎದುರಿಗೆ ಆನೆ ಇದ್ದರೆ ಅಷ್ಟೇ. ಭಾಗಮಂಡಲದಿಂದ ತಲಕಾವೇರಿಯ 8 ಕಿ.ಮೀ. ನಮಗಿನ್ನೂ ಪೂರ್ತಿ ಒಲಿದಿಲ್ಲ. ಎರಡು ಸಲ ಅರ್ಧಕ್ಕೇ ಇಳಿದೆವು.

ಕೆಟ್ಟ ಎರಡು ಫ್ರೇಮು ಬಿಟ್ಟು ಮೂರನೆಯದಕ್ಕೆ ತಗುಲಿದ್ದು ಸುಮಾರು 14,000. ಅದರಲ್ಲಿ ಬ್ರೇಕು, ಚಕ್ರಕ್ಕೇ ಆರು ಸಾವಿರ, ಬೆಸುಗೆಗೆ ಎರಡೂವರೆ. ಈಗ ಏರು ಹಗುರವಾಗಲೆಂದು 28ರ ಬದಲು 34 ಹಲ್ಲಿನ ತನಕದ ಫ್ರೀವೀಲ್ ತರಿಸಿದ್ದೇವೆ. ಮಳೆ ನಿಂತ ಮೇಲೆ ಭಾಗಮಂಡಲದಿಂದ ಮತ್ತೆ ಹೊರಡುವುದಿದೆ.