ದಾನಪತ್ರ ಬೇರೆ, ನಾಮಿನಿ ಬೇರೆ: ವಾರಸುದಾರರು ಪ್ರಶ್ನಿಸುವುದು ಹೇಗೆ?

ಹಿರಿಯರು ತೀರಿಕೊಂಡ ಮನೆಯಲ್ಲಿ ಸಿಗುವ ಕಾಗದಪತ್ರಗಳನ್ನು ಮೊದಲು ಎರಡು ಕಟ್ಟು ಮಾಡಿ. ಒಂದರಲ್ಲಿ ಅವರು ಬದುಕಿದ್ದಾಗಲೇ ಮಾಡಿದ ದಾನಪತ್ರಗಳಿರಲಿ. ಇನ್ನೊಂದರಲ್ಲಿ ಬ್ಯಾಂಕ್, ಹೌಸಿಂಗ್ ಸೊಸೈಟಿ, ಷೇರು, ವಿಮೆಯ ನಾಮಿನಿ ದಾಖಲೆಗಳಿರಲಿ. ಎರಡೂ ಒಂದೇ ಎಂದು ತಿಳಿದು ‘ಎಲ್ಲ ತಮ್ಮನ ಹೆಸರಿಗೇ ಹೋಯಿತು’ ಎಂದು ಕೈಚೆಲ್ಲಿ ಕೂರುವವರು ಮುಂಬಯಿ ಕನ್ನಡಿಗರಲ್ಲಿ ಕಡಿಮೆಯಿಲ್ಲ. ದಾನ ಕೊಟ್ಟ ಆಸ್ತಿ ಆಗಲೇ ಕೈದಾಟಿದೆ, ದಾನಪತ್ರ ರದ್ದಾಗದೆ ಅದು ಮರಳದು. ನಾಮಿನಿಯದು ಮಾತ್ರ ಬಹುಪಾಲು ಬರೀ ಕಾವಲುಗಾರಿಕೆ.

ಸುಲಭದ್ದನ್ನು ಮೊದಲು ನೋಡೋಣ. ಬ್ಯಾಂಕು ಠೇವಣಿಯನ್ನು ನಾಮಿನಿಗೆ ಕೊಟ್ಟರೆ ಅದರ ಹೊಣೆ ಮುಗಿಯುತ್ತದೆ, ಆದರೆ ವಾರಸುದಾರರ ಪಾಲು ಮುಗಿಯುವುದಿಲ್ಲ. ಇಲ್ಲಿ ಆಗುವ ಎಡವಟ್ಟು ಒಂದೇ: ‘ಹಣ ಕೊಡಬೇಡಿ’ ಎಂದು ಮ್ಯಾನೇಜರಿಗೆ ಪತ್ರ ಬರೆದು ಸುಮ್ಮನಾಗುವುದು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಝಡ್‌ಬಿ ಕಲಮಿನ ಪ್ರಕಾರ ಅಂಥ ಪತ್ರಕ್ಕೆ ಬ್ಯಾಂಕು ಬದ್ಧವಲ್ಲ, ಕೋರ್ಟಿನ ಆದೇಶವೇ ಬೇಕು. ಕಂಪನಿ ಷೇರುಗಳಿಗೂ ಇದೇ ನ್ಯಾಯ: ನಾಮಿನಿ ಮಾಲೀಕನಲ್ಲ ಎಂದು ಶಕ್ತಿ ಯಜದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 14ರಂದು ಹೇಳಿದೆ. ಆ ಪ್ರಕರಣ ಹುಟ್ಟಿದ್ದು ಮುಂಬಯಿಯಲ್ಲೇ.

ಫ್ಲ್ಯಾಟಿನ ವಿಷಯದಲ್ಲಿ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 154ಬಿ-13 ಕಲಮು ನಿಮ್ಮ ಆಸರೆ. ವಾರಸುದಾರರು ಯಾರೆಂದು ತೀರ್ಮಾನವಾಗುವವರೆಗೆ ನಾಮಿನಿ ತಾತ್ಕಾಲಿಕ ಸದಸ್ಯ ಮಾತ್ರ. ಮರಣ ಪ್ರಮಾಣಪತ್ರ ಲಗತ್ತಿಸಿ ಸೊಸೈಟಿಯ ಕಾರ್ಯದರ್ಶಿಗೆ ಲಿಖಿತ ಆಕ್ಷೇಪಣೆ ಕೊಡಿ. ಫ್ಲ್ಯಾಟಿನ ಷೇರು ಸರ್ಟಿಫಿಕೇಟನ್ನು ಕಾಯಂ ಆಗಿ ವರ್ಗಾಯಿಸಬೇಡಿ, ಮಾರಾಟಕ್ಕೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡಬೇಡಿ ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಡಬೇಡಿ.

ಜೀವವಿಮೆ ಮಾತ್ರ ತೊಡಕಿನದು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕು ಅವರದೇ ಎಂದು ವಿಮಾ ಕಾಯ್ದೆಯ 2015ರ ತಿದ್ದುಪಡಿ ಹೇಳುತ್ತದೆ. ಇದರ ಅರ್ಥದ ಬಗ್ಗೆ ಹೈಕೋರ್ಟುಗಳಲ್ಲಿ ಒಮ್ಮತವಿಲ್ಲ. ಭವಿಷ್ಯ ನಿಧಿಯಲ್ಲಾದರೆ ದಿನಾಂಕ ನೋಡಿ: ಮದುವೆಗೆ ಮುಂಚೆ ಮಾಡಿದ ಇಪಿಎಫ್ ನಾಮಿನೇಷನ್ ಮದುವೆಯಾದೊಡನೆ ಅಸಿಂಧು.

ಇನ್ನು ದಾನಪತ್ರ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಮಕ್ಕಳಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ 200 ರೂಪಾಯಿ, ಹಾಗಾಗಿ ಇಂಥ ಪತ್ರಗಳು ಬಹಳ. ನೋಂದಣಿ ಇಲಾಖೆಯ ಇ-ಸರ್ಚ್‌ನಲ್ಲಿ ‘ಇಂಡೆಕ್ಸ್ ಟೂ’ (ನೋಂದಾಯಿತ ದಸ್ತಾವೇಜಿನ ಸಾರಾಂಶ) ಹುಡುಕಿ. ಮರಾಠಿಯಲ್ಲಿ ‘ಬಕ್ಷೀಸ್‌ಪತ್ರ’ ಎಂದಿರುತ್ತದೆ. ದಸ್ತಾವೇಜಿನ ಸಂಖ್ಯೆ ಸಿಕ್ಕರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ಪಡೆಯಿರಿ, ಪಡೆದ ದಿನಾಂಕ ಬರೆದಿಡಿ. ದಾನಪತ್ರ ರದ್ದುಪಡಿಸುವ ದಾವೆಗೆ ಇರುವುದು 3 ವರ್ಷ, ಮೋಸ ಅಥವಾ ಒತ್ತಡದ ಸಂಗತಿ ತಿಳಿದ ದಿನದಿಂದ. ದಾನ ಕೊಟ್ಟವರಿಗೇ ಮೊದಲು ತಿಳಿದಿದ್ದರೆ ಗಡುವು ಅಂದಿನಿಂದಲೇ ಓಡುತ್ತದೆ ಎಂದು ಎದುರಾಳಿ ವಾದಿಸುವುದು ಖಂಡಿತ.

ಪ್ರತಿ ಕೈಗೆ ಬಂದ ಮೇಲೆ ಮೂರು ವಿಷಯ ನೋಡಿ: ನೋಂದಣಿ ಆಗಿದೆಯೇ, ಇಬ್ಬರು ಸಾಕ್ಷಿಗಳ ಸಹಿ ಇದೆಯೇ, ದಾನಿ ಬದುಕಿದ್ದಾಗಲೇ ಸ್ವೀಕಾರ ಆಗಿದೆಯೇ? ‘ಅಪ್ಪ ಕೊನೆಯವರೆಗೂ ಅದೇ ಮನೆಯಲ್ಲಿದ್ದರು, ಹಾಗಾಗಿ ದಾನ ಸುಳ್ಳು’ ಎಂಬ ವಾದ ನಿಲ್ಲದು. ಸ್ವಾಧೀನ ಬಿಟ್ಟುಕೊಡದಿದ್ದರೂ ನೋಂದಾಯಿತ ದಾನ ಸಿಂಧು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ‘ನನಗೆ ಏನೂ ಕೊಡಲಿಲ್ಲ’ ಎಂಬುದೂ ಕಾರಣವಲ್ಲ, ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಕೊಡಬಹುದು. ಈ ಮಾತು ಕೇಳಲು ಕಷ್ಟ, ಆದರೆ ವಕೀಲರ ಶುಲ್ಕ ಕಟ್ಟುವ ಮುಂಚೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಊರಿನ ಪಿತ್ರಾರ್ಜಿತ ಜಮೀನಾದರೆ ಸ್ಥಿತಿ ಬೇರೆ. ಪ್ರೀತಿವಿಶ್ವಾಸದ ಹೆಸರಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿಯನ್ನು ದಾನ ಮಾಡಲು ತಂದೆಗೆ ಅಧಿಕಾರವಿಲ್ಲ, ಅದನ್ನು ಪ್ರಶ್ನಿಸಲು ಸ್ವಾಧೀನ ಹೋದ ದಿನದಿಂದ 12 ವರ್ಷ ಇದೆ. ಕರ್ನಾಟಕದಿಂದ ಹೋದ ಕೆ.ಸಿ. ಲಕ್ಷ್ಮಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2022ರ ತೀರ್ಪು ಇದು. ಅಳಿಯಸಂತಾನದ ಕುಟುಂಬಗಳಿಗೆ ಈ ಲೆಕ್ಕ ಅನ್ವಯಿಸದು.

ಒತ್ತಡ ಹೇರಿ ಬರೆಸಿಕೊಂಡರು ಎನ್ನುವುದಾದರೆ ವಿವರ ಬೇಕು. ಯಾರು, ಯಾವ ದಿನ, ಹೇಗೆ ಎಂಬುದನ್ನು ವಾದಪತ್ರದಲ್ಲೇ ಬರೆಯಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 4 ವಿಧಿಸುತ್ತದೆ. ವಯಸ್ಸಾಗಿತ್ತು, ಮಗನ ಆಸರೆಯಲ್ಲಿದ್ದರು ಎಂಬಷ್ಟೇ ಸಾಲದು. ಕನ್ನಡ ಬಿಟ್ಟು ಬೇರೆ ಲಿಪಿ ಓದಲಾರದ ತಾಯಿಯ ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಅದನ್ನು ಓದಿ ಹೇಳಿದವರು ಯಾರು? ಸಾಕ್ಷಿಗಳು ದಾನ ಪಡೆದವನ ಆಪ್ತರೇ? ಆ ವಾರ ಆಕೆ ಆಸ್ಪತ್ರೆಯಲ್ಲಿದ್ದರೇ? ಒಳರೋಗಿಯ ದಾಖಲೆಯನ್ನು 3 ವರ್ಷ ಮಾತ್ರ ಇಟ್ಟುಕೊಂಡರೆ ಸಾಕು ಎಂಬುದು ವೈದ್ಯಕೀಯ ನಿಯಮ. ಆದ್ದರಿಂದ ಆಸ್ಪತ್ರೆಗೆ ಅರ್ಜಿಯನ್ನು ಇಂದೇ ಕೊಡಿ. ಸಹಿಯೇ ಸುಳ್ಳು ಎನ್ನುವುದಾದರೆ ಅದನ್ನು ನಿರ್ದಿಷ್ಟವಾಗಿ ನಿರಾಕರಿಸಿ. ಇಲ್ಲವಾದರೆ ನೋಂದಾಯಿತ ದಾನಪತ್ರಕ್ಕೆ ಸಾಕ್ಷಿಯನ್ನು ಕಟಕಟೆಗೆ ಕರೆಸಬೇಕಾದ ಹೊರೆ ಎದುರಾಳಿಗೆ ಇರುವುದಿಲ್ಲ.

ದಾನ ಕೊಟ್ಟವರು ಬದುಕಿದ್ದು, ಆರೈಕೆಯ ಷರತ್ತಿನ ಮೇಲೆ ಕೊಟ್ಟಿದ್ದು ಆರೈಕೆ ಸಿಗದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅವರೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಸಿವಿಲ್ ದಾವೆಗಿಂತ ಇದು ಹತ್ತಿರದ ದಾರಿ.

ದಾವೆ ಹಾಕುವುದು ಆಸ್ತಿ ಇರುವಲ್ಲಿ: ಡೊಂಬಿವಲಿಯ ಫ್ಲ್ಯಾಟಿಗೆ ಕಲ್ಯಾಣ, ಕುಂದಾಪುರದ ಜಮೀನಿಗೆ ಕುಂದಾಪುರ. ದಾನ ಅಸಿಂಧು ಎಂಬ ಘೋಷಣೆಯ ಜೊತೆ ಸ್ವಾಧೀನವನ್ನೂ ಕೇಳಿ, ಬರೀ ಘೋಷಣೆ ಕೇಳಿದ ದಾವೆ ಅಲ್ಲಿಗೇ ಬೀಳಬಹುದು. ತಡೆಯಾಜ್ಞೆಗೂ ಅಂದೇ ಅರ್ಜಿ ಕೊಡಿ. ಮುಂಬಯಿಯಲ್ಲಿ ಇನ್ನೊಂದು ಕೆಲಸವಿದೆ, ಅದನ್ನು ಮರೆತವರೇ ಹೆಚ್ಚು: ದಾವೆ ಬಾಕಿಯಿದೆ ಎಂಬ ‘ಲಿಸ್ ಪೆಂಡೆನ್ಸ್’ ಸೂಚನೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಹಾಗೆ ಮಾಡದಿದ್ದರೆ ದಾವೆಯ ನಡುವೆ ಫ್ಲ್ಯಾಟು ಕೊಂಡವನನ್ನು ಆ ನಿಯಮದಿಂದ ದಾವೆಯ ತೀರ್ಪಿಗೆ ಕಟ್ಟಿಹಾಕಲಾಗದು.