ಸತ್ತ ಜೀವಕೋಶದ ಅಕ್ಕಪಕ್ಕ ಯಾರಿದ್ದಾರೆ?

ಅಪೆಂಡಿಕ್ಸ್, ಪಿತ್ತಕೋಶ, ಕುತ್ತಿಗೆಯ ಗಂಟು (ಊದಿದ ದುಗ್ಧಗ್ರಂಥಿ), ಸಕ್ಕರೆ ಕಾಯಿಲೆಯವರ ಕಪ್ಪಾದ ಕಾಲ್ಬೆರಳು. ಪೆಥಾಲಜಿಸ್ಟ್ ಆದ ನನ್ನ ಟೇಬಲ್ಲಿಗೆ ದಿನಾ ಬರೋದು ಇಂಥವೇ. ಫಾರ್ಮಲಿನ್‌ನಲ್ಲಿ ನೆನೆದ ತುಂಡನ್ನು ಮೇಣದಲ್ಲಿ ಕೂರಿಸಿ, 3–4 ಮೈಕ್ರಾನ್ ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ.

ಕೋಶ ಸತ್ತಿದೆ ಅಂತ ಗುರುತಿಸೋದನ್ನು ಪಿಜಿಗೆ ಸೇರಿದವರು ಬೇಗ ಕಲಿಯುತ್ತಾರೆ. ನ್ಯೂಕ್ಲಿಯಸ್ ಕುಗ್ಗಿ ಕಡುನೀಲಿ ಚುಕ್ಕಿಯಾಗಿರುತ್ತದೆ, ಇಲ್ಲವೇ ಚೂರಾಗಿರುತ್ತದೆ, ಇಲ್ಲವೇ ಬಣ್ಣ ಹಿಡಿಯದೆ ಮಾಯವಾಗಿರುತ್ತದೆ. ಹೇಗೆ ಸತ್ತಿತು, ಯಾವಾಗ ಸತ್ತಿತು ಅಂತ ಹೇಳೋಕೆ ಇಷ್ಟು ಸಾಲದು. ಅದಕ್ಕೆ ನಾನು ಸತ್ತ ಕೋಶವನ್ನು ಅಲ್ಲೇ ಬಿಟ್ಟು ಅದರ ಅಕ್ಕಪಕ್ಕ ನೋಡುತ್ತೇನೆ.

ಮೊದಲು ತಳ್ಳಿಹಾಕಬೇಕಾದದ್ದು, ದೇಹದಿಂದ ಹೊರಗೆ ಬಂದ ಮೇಲೆ ಸತ್ತ ಕೋಶಗಳನ್ನು. "ಮೇಡಂ, ಇದೂ ಸಲೈನಲ್ಲೇ ಬಂದಿದೆ" ಅಂತ ನಮ್ಮ ಟೆಕ್ನಿಷಿಯನ್ ಡಬ್ಬಿ ಎತ್ತಿ ತೋರಿಸಿದಾಗಲೇ ಅರ್ಧ ಕಥೆ ಗೊತ್ತಾಗುತ್ತದೆ. ಸಲೈನ್ ಬರೀ ಉಪ್ಪುನೀರು, ಫಾರ್ಮಲಿನ್ ಹಾಗೆ ತುಂಡನ್ನು ಕೆಡದಂತೆ ಕಾಪಾಡುವುದಿಲ್ಲ. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಹಾಕಿ ಕಳಿಸಿ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ಪಿತ್ತಕೋಶವಾದರೆ ಒಳಪದರ ಕಳಚಿ ಬಿದ್ದಿರುತ್ತದೆ, ಕೋಶದ ಗುರುತು ಅಳಿಸಿರುತ್ತದೆ. ಆದರೆ ಸುತ್ತ ಒಂದೇ ಒಂದು ನ್ಯೂಟ್ರೋಫಿಲ್ (ಪೆಟ್ಟಾದ ಕಡೆಗೆ ಮೊದಲು ಓಡಿಬರುವ ಬಿಳಿ ರಕ್ತಕಣ) ಬಂದಿರುವುದಿಲ್ಲ. ಬರೋದು ಎಲ್ಲಿಂದ? ರಕ್ತ ಹರಿಯೋದು ನಿಂತು ಎಷ್ಟೋ ಹೊತ್ತಾಗಿದೆ.

ದೇಹದೊಳಗೆ ಪೆಟ್ಟು ತಿಂದು ಸತ್ತ ಕೋಶ ಹಾಗಲ್ಲ. ರಕ್ತ ನಿಂತರೆ ಆಮ್ಲಜನಕ ಇಲ್ಲ, ಆಮ್ಲಜನಕ ಇಲ್ಲದಿದ್ದರೆ ಕೋಶದ ಇಂಧನವಾದ ಎಟಿಪಿ ಇಲ್ಲ. ಸೋಡಿಯಂ ಹೊರಹಾಕುವ ಪಂಪ್ ನಿಲ್ಲುತ್ತದೆ, ಸೋಡಿಯಂ ಜೊತೆ ನೀರೂ ನುಗ್ಗುತ್ತದೆ. ಕೋಶ ಊದಿಕೊಳ್ಳುತ್ತದೆ, ಕೊನೆಗೆ ಪೊರೆ ಹರಿದು ಒಳಗಿದ್ದದ್ದೆಲ್ಲ ಆಚೆ ಸೋರುತ್ತದೆ. ಎದೆನೋವು ಅಂತ ಹೋದವರಿಗೆ ಟ್ರೊಪೋನಿನ್ ಟೆಸ್ಟ್ ಮಾಡ್ತಾರಲ್ಲ, ಅದು ಹುಡುಕುವುದು ಹೃದಯದ ಕೋಶದಿಂದ ಹೀಗೆ ಸೋರಿದ್ದನ್ನೇ. ಸೋರಿದ ವಾಸನೆ ಹಿಡಿದು ನ್ಯೂಟ್ರೋಫಿಲ್‌ಗಳು ಹಿಂಡುಹಿಂಡಾಗಿ ಬರುತ್ತವೆ. ಇದು ನೆಕ್ರೋಸಿಸ್.

ಇದಕ್ಕೆ ಸಮಯ ಬೇಕು, ಬದುಕಿರುವ ದೇಹವೂ ಬೇಕು. ಪೋಸ್ಟ್‌ಮಾರ್ಟಂ ಆದ ಹೃದಯ ನೋಡುವಾಗ ಇದು ತುಂಬಾ ಕಾಡುತ್ತದೆ. ರಕ್ತ ಪೂರ್ತಿ ನಿಂತು 20–40 ನಿಮಿಷಕ್ಕೇ ಹೃದಯದ ಸ್ನಾಯುಕೋಶ ಮತ್ತೆ ಸರಿಯಾಗದ ಹಂತ ಮುಟ್ಟಬಹುದು. ಆದರೂ ಮೊದಲ ನಾಲ್ಕು ಗಂಟೆ ಸಾಮಾನ್ಯ ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ ಅಂದರೂ ಸರಿಯೇ. ನ್ಯೂಟ್ರೋಫಿಲ್ ದಂಡು ಚೆನ್ನಾಗಿ ಕಾಣೋದು ಒಂದರಿಂದ ಮೂರನೇ ದಿನದಲ್ಲಿ, ಆಮೇಲೆ ಕಸ ಗುಡಿಸುವ ಮ್ಯಾಕ್ರೋಫೇಜ್‌ಗಳು. ಎದೆ ಹಿಡಿದುಕೊಂಡು ಒಂದು ಗಂಟೆಯೊಳಗೆ ತೀರಿಹೋದವರ ಸ್ನಾಯು ಆರೋಗ್ಯವಂತರ ಹಾಗೇ ಕಾಣುತ್ತದೆ. ಅಂಥವರಲ್ಲಿ ನಾನು ಸ್ನಾಯುವನ್ನು ಬಿಟ್ಟು ಕರೊನರಿ ರಕ್ತನಾಳವನ್ನು ಉದ್ದಕ್ಕೂ ತುಂಡುತುಂಡಾಗಿ ಕೊಯ್ದು ಬ್ಲಾಕ್ ಹುಡುಕುತ್ತೇನೆ. ಸ್ನಾಯು ನಾರ್ಮಲ್ ಅಂದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಅಲ್ಲ ಅಂತಲ್ಲ. ಇದನ್ನು ರಿಪೋರ್ಟಿನಲ್ಲಿ ಬಿಡಿಸಿ ಬರೆಯದಿದ್ದರೆ ಓದುವವರು ತಪ್ಪು ತಿಳಿಯುತ್ತಾರೆ.

ಟಿಬಿ ಗಂಟಿನ ಸಾವು ಇನ್ನೊಂದು ಬಗೆ. ಕೊಯ್ದರೆ ಒಡೆದ ಹಾಲಿನ ಗಟ್ಟಿಯ ಹಾಗೆ ಬೆಳ್ಳಗೆ ಪುಡಿಯಾಗುತ್ತದೆ. ಸ್ಲೈಡಿನ ನಡುವೆ ಕೋಶದ ಆಕಾರವೇ ಇಲ್ಲದ ಗುಲಾಬಿ ಪುಡಿ. ಇಲ್ಲೂ ರೋಗ ಹೇಳುವುದು ಸುತ್ತಲಿನ ಬೇಲಿಯೇ: ಉದ್ದುದ್ದ ಎಪಿಥಿಲಿಯಾಯ್ಡ್ ಕೋಶಗಳು (ರೂಪ ಬದಲಿಸಿದ ಮ್ಯಾಕ್ರೋಫೇಜ್‌ಗಳು), ನಡುನಡುವೆ ನ್ಯೂಕ್ಲಿಯಸ್‌ಗಳನ್ನು ಕುದುರೆ ಲಾಳದ ಆಕಾರದಲ್ಲಿ ಜೋಡಿಸಿಕೊಂಡ ದೈತ್ಯಕೋಶ.

ನನಗೆ ಜಾಸ್ತಿ ಇಷ್ಟವಾಗುವುದು ಗಲಾಟೆಯೇ ಇಲ್ಲದ ಸಾವು. ಯಾವುದಾದರೂ ಟಾನ್ಸಿಲ್ ಅಥವಾ ಅಪೆಂಡಿಕ್ಸ್ ಸ್ಲೈಡಿನಲ್ಲಿ ಜರ್ಮಿನಲ್ ಸೆಂಟರ್ ಎಂಬ ದುಂಡನೆಯ ಜಾಗ ಹುಡುಕಿ, 40ರ ಲೆನ್ಸಿಗೆ ಬನ್ನಿ. ರೋಗಾಣುವಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಗೆಯ ಬಿಳಿ ರಕ್ತಕಣಗಳಾದ ಬಿ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ನಡುವೆ ಅಲ್ಲಲ್ಲಿ ಒಂದು ದೊಡ್ಡ, ತಿಳಿಬಣ್ಣದ ಕೋಶ. ಅದರ ಹೊಟ್ಟೆಯಲ್ಲಿ ಕಡುನೀಲಿ ಚೂರುಗಳು. ಆ ದೊಡ್ಡದು ಮ್ಯಾಕ್ರೋಫೇಜ್, ಚೂರುಗಳು ಅದು ನುಂಗಿದ ಬಿ ಕೋಶಗಳು. ರೋಗಾಣುವನ್ನು ಸರಿಯಾಗಿ ಹಿಡಿಯಲಾಗದ ಬಿ ಕೋಶ ಇಲ್ಲಿ ಉಳಿಯುವುದಿಲ್ಲ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಅದನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಪೊರೆ ಮಾತ್ರ ಹರಿಯುವುದಿಲ್ಲ. ಪೊರೆಯ ಒಳಬದಿಯಲ್ಲಿರಬೇಕಾದ ಫಾಸ್ಫಟಿಡೈಲ್‌ಸೀರಿನ್ ಎಂಬ ಕೊಬ್ಬು ಹೊರಬದಿಗೆ ಬರುತ್ತದೆ, ಅದನ್ನು ಕಂಡು ಮ್ಯಾಕ್ರೋಫೇಜ್ ನುಂಗುತ್ತದೆ. ಸೋರಿಕೆ ಇಲ್ಲ, ಹಾಗಾಗಿ ನ್ಯೂಟ್ರೋಫಿಲ್ ಇಲ್ಲ. ಇದು ಅಪೊಪ್ಟೋಸಿಸ್. ಕೆಲವೇ ಗಂಟೆಗಳಲ್ಲಿ ಗುರುತೂ ಉಳಿಯದಿರುವುದರಿಂದ ಸ್ಲೈಡಿನಲ್ಲಿ ನಾಲ್ಕೈದು ಕಂಡರೂ ನಿಜವಾಗಿ ಸಾಯುತ್ತಿರುವವು ತುಂಬಾ.

ಆಸ್ಟ್ರೇಲಿಯಾದ ಪೆಥಾಲಜಿಸ್ಟ್ ಜಾನ್ ಕೆರ್ ಇದನ್ನು ಗಮನಿಸಿದ್ದೂ ಹೀಗೇ. ಇಲಿಯ ಪೋರ್ಟಲ್ ರಕ್ತನಾಳದ ಕವಲು ಕಟ್ಟಿ ಯಕೃತ್ತು ನೋಡಿದಾಗ, ಒಂದೊಂದೇ ಕೋಶ ಕುಗ್ಗಿ ಸಾಯುತ್ತಿತ್ತು, ಸುತ್ತ ಉರಿಯೂತ ಇರಲಿಲ್ಲ. 1972ರಲ್ಲಿ ವೈಲಿ ಮತ್ತು ಕರ್ರಿ ಜೊತೆ ಬರೆದ ಲೇಖನದಲ್ಲಿ ಅದಕ್ಕೆ ಹೆಸರಿಟ್ಟರು. ಆಮೇಲೆ ಸಿ. ಎಲೆಗಾನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ 131 ಪ್ರತಿ ಸಲವೂ ತಪ್ಪದೆ ಸಾಯುತ್ತವೆ ಅಂತ ಗೊತ್ತಾಯಿತು. ಸಾಯಿಸುವ ಜೀನ್‌ಗಳೂ ಸಿಕ್ಕವು. 2002ರ ನೊಬೆಲ್ ಆ ಹುಳುವಿನ ಕೆಲಸಕ್ಕೇ.

ನನ್ನ ಕೆಲಸದಲ್ಲಿ ಇದರ ಬಳಕೆ ಎಲ್ಲಿ ಅಂದರೆ, ಗಂಟಿನ ಸ್ಲೈಡಿನಲ್ಲಿ. ಸೋಂಕಿನಿಂದ ಊದಿದ ಗಂಟಾದರೆ ಜರ್ಮಿನಲ್ ಸೆಂಟರ್ ತುಂಬಾ ಆ ಮ್ಯಾಕ್ರೋಫೇಜ್‌ಗಳು ಇರುತ್ತವೆ. ಬಿ ಕೋಶಗಳ ಕ್ಯಾನ್ಸರ್ ಆದ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಅದೇ ದುಂಡನೆಯ ಆಕಾರ, ಆದರೆ ಒಳಗೆ ನುಂಗುವವರು ಇಲ್ಲ ಅನ್ನುವಷ್ಟು ಕಡಿಮೆ. ನುಂಗೋಕೆ ಸತ್ತವರೇ ಇಲ್ಲ. ಕ್ರೋಮೋಸೋಮ್ 14 ಮತ್ತು 18ರ ತುಂಡುಗಳು ಅದಲುಬದಲಾಗಿ, ಸಾವನ್ನು ತಡೆಯುವ ಬಿಸಿಎಲ್-2 ಪ್ರೋಟೀನ್ ಆಫ್ ಆಗದೆ ಉಳಿದಿರುತ್ತದೆ. ಈ ಪ್ರೋಟೀನ್ ಕೋಶವನ್ನು ಬೇಗ ವಿಭಜಿಸಿ ಹೆಚ್ಚಿಸುವುದಿಲ್ಲ, ಸಾಯದ ಹಾಗೆ ಮಾಡುತ್ತದೆ ಅಷ್ಟೇ. ಗಂಟು ಬೆಳೆಯೋಕೆ ಅದೂ ಸಾಕು.

ಅನುಮಾನ ಬಂದರೆ, ಆ ಪ್ರೋಟೀನ್ ಇರುವಲ್ಲಿ ಕಂದು ಬಣ್ಣ ತೋರಿಸುವ ಬಿಸಿಎಲ್-2 ಸ್ಟೇನ್ ಹಾಕಿಸುತ್ತೇನೆ. ಸಾಧಾರಣ ಗಂಟಿನಲ್ಲಿ ಸುತ್ತಲೂ ಕಂದು, ನಡುವೆ ಖಾಲಿ. ಲಿಂಫೋಮಾದಲ್ಲಿ ಹೆಚ್ಚಾಗಿ ನಡುವೆಯೂ ಕಂದು. ಕೆಲವು ಲಿಂಫೋಮಾ ಈ ಸ್ಟೇನಿಗೂ ಕಾಣದೆ ಜಾರಿಕೊಳ್ಳುವುದರಿಂದ ಸಿಡಿ10, ಬಿಸಿಎಲ್-6 ಎಂಬ ಸ್ಟೇನ್‌ಗಳೂ ಜೊತೆಗಿರಬೇಕು. ನಮ್ಮ ಲ್ಯಾಬಿನಲ್ಲಿ ಇವು ಇಲ್ಲ, ಮೇಣದ ಬ್ಲಾಕನ್ನೇ ಬೆಂಗಳೂರಿಗೆ ಕಳಿಸುತ್ತೇವೆ. ರಿಪೋರ್ಟ್ ಯಾಕೆ ಇಷ್ಟು ತಡ ಅಂತ ಮನೆಯವರು ಕೌಂಟರ್ ಹತ್ತಿರ ಬಂದು ಕೇಳುವುದು ಹೆಚ್ಚಾಗಿ ಇಂಥ ಕೇಸಿನಲ್ಲೇ.